ಉಪ್ಪು ಬಿದ್ದರೆ ಬೆಂಕಿ ಹಳದಿಯಾಗುವುದೇಕೆ? ಪರಮಾಣುಗಳು ಬೆಳಕನ್ನು ಹೀರುವ, ಸೂಸುವ ಬಗೆ

ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಜ್ವಾಲೆ ಕ್ಷಣದಲ್ಲೇ ಹಳದಿಗೆ ತಿರುಗುವುದನ್ನು ಬಹುತೇಕ ಎಲ್ಲರೂ ನೋಡಿರುತ್ತಾರೆ. ಕೆಲವರು ಇದನ್ನು ಕಂಡು ಗ್ಯಾಸ್ ಕಲಬೆರಕೆಯಾಗಿದೆ ಎಂದುಕೊಳ್ಳುತ್ತಾರೆ. ಮಗುವಿಗೆ ದೃಷ್ಟಿಯಾಗಿದೆ ಎಂದು ಕಲ್ಲುಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುವ ಮನೆಗಳಲ್ಲಿ ಇಂಥದ್ದೇ ದೃಶ್ಯಕ್ಕೆ ಬೇರೆ ಅರ್ಥವಿದೆ. ಉಪ್ಪು ಚಟಪಟ ಸಿಡಿದು ಬೆಂಕಿ ಭಗ್ಗನೆ ಎದ್ದರೆ "ನೋಡಿ, ಎಷ್ಟು ದೃಷ್ಟಿ ಆಗಿತ್ತು" ಎನ್ನುತ್ತಾರೆ ಹಿರಿಯರು.

ಆ ಹಳದಿ ಬೆಳಕು ನಮಗೆ ಏನನ್ನೋ ಹೇಳುತ್ತಿರುವುದು ನಿಜ. ಆದರೆ ಅದು ಹೇಳುವುದು ಮಗುವಿನ ಬಗ್ಗೆಯಲ್ಲ, ಗ್ಯಾಸಿನ ಬಗ್ಗೆಯೂ ಅಲ್ಲ. "ಇಲ್ಲಿ ಸೋಡಿಯಂ ಇದೆ" ಎಂಬ ಒಂದೇ ಸುದ್ದಿ ಅದರಲ್ಲಿದೆ. ಇದೇ ಸುದ್ದಿಯನ್ನು ಓದಲು ಕಲಿತಿದ್ದರಿಂದ ಮನುಷ್ಯರು ಸುಮಾರು 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಲ್ಲಿ ಏನಿದೆ ಎಂದು ಕಂಡುಕೊಂಡರು. ಅದು ಹೇಗೆ ಎಂದು ತಿಳಿಯಲು ಪರಮಾಣುವಿನ ಒಳಗೆ ಒಮ್ಮೆ ಇಣುಕಬೇಕು.

ಉರಿಯುತ್ತಿರುವುದು ಉಪ್ಪೇ?

ಅಲ್ಲ. ಅಡುಗೆ ಉಪ್ಪು ಉರಿಯುವ ವಸ್ತುವಲ್ಲ. ಅದು ಸೋಡಿಯಂ ಮತ್ತು ಕ್ಲೋರಿನ್ ಸೇರಿ ಆದ ಸಂಯುಕ್ತ. ಸುಮಾರು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಗ್ಯಾಸ್ ಒಲೆಯ ಜ್ವಾಲೆ ಇದಕ್ಕಿಂತ ಬಹಳ ಬಿಸಿಯಾಗಿರುವುದರಿಂದ, ಅಲ್ಲಿ ಬಿದ್ದ ಉಪ್ಪಿನ ಸ್ವಲ್ಪ ಭಾಗ ಆವಿಯಾಗಿ, ಆ ಆವಿಯಲ್ಲಿ ಬಿಡಿ ಸೋಡಿಯಂ ಪರಮಾಣುಗಳು ಸಿಗುತ್ತವೆ. ಹಳದಿ ಬೆಳಕು ಬರುವುದು ಇವುಗಳಿಂದ.

ಚಟಪಟ ಸದ್ದಿಗೆ ಕಾರಣ ಬೇರೆ. ಕಲ್ಲುಪ್ಪಿನ ಹರಳು ಬೆಳೆಯುವಾಗ ಅದರೊಳಗೆ ಉಪ್ಪುನೀರಿನ ಸಣ್ಣ ಸಣ್ಣ ಹನಿಗಳು ಸಿಕ್ಕಿಹಾಕಿಕೊಂಡಿರುತ್ತವೆ. ಬೆಂಕಿಗೆ ಬಿದ್ದಾಗ ಆ ನೀರು ಹಬೆಯಾಗಿ, ಜಾಗ ಸಾಲದೆ, ಹರಳನ್ನು ಒಡೆದು ಹೊರಬರುತ್ತದೆ. ದಪ್ಪ ಹರಳು ಹೆಚ್ಚು ಸಿಡಿಯುತ್ತದೆ, ಪುಡಿ ಉಪ್ಪು ಅಷ್ಟಾಗಿ ಸಿಡಿಯುವುದಿಲ್ಲ. ಯಾರಿಗೆ ನಿವಾಳಿಸಿದರು ಎಂಬುದರ ಮೇಲೆ ಇದು ಬದಲಾಗುವುದಿಲ್ಲ.

ಹಳದಿಗೆ ಕಾರಣ ಸೋಡಿಯಂ ಎಂದು ಹೇಗೆ ಗೊತ್ತು? ಕ್ಲೋರಿನ್ ಇಲ್ಲದ, ಆದರೆ ಸೋಡಿಯಂ ಇರುವ ಅಡುಗೆ ಸೋಡಾ ಕೂಡ ಜ್ವಾಲೆಗೆ ಅದೇ ಹಳದಿ ಕೊಡುತ್ತದೆ. ಸೋಡಿಯಂ ಬದಲು ಪೊಟ್ಯಾಸಿಯಂ ಇರುವ ಉಪ್ಪಾದರೆ ಜ್ವಾಲೆ ತಿಳಿ ನೇರಳೆಯಾಗುತ್ತದೆ. ಅಂದರೆ ಬಣ್ಣವನ್ನು ನಿರ್ಧರಿಸುತ್ತಿರುವುದು ಇಲ್ಲಿ ಯಾವ ಪರಮಾಣು ಇದೆ ಎಂಬುದು.

ಎಲೆಕ್ಟ್ರಾನಿನ ಮೆಟ್ಟಿಲುಗಳು

ಪ್ರತಿ ಪರಮಾಣುವಿನ ಮಧ್ಯೆ ಒಂದು ನ್ಯೂಕ್ಲಿಯಸ್, ಅದರ ಸುತ್ತ ಎಲೆಕ್ಟ್ರಾನ್‌ಗಳು ಇರುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಗ್ರಹಗಳು ಸೂರ್ಯನನ್ನು ಸುತ್ತುವಂತೆ ಎಲೆಕ್ಟ್ರಾನ್‌ಗಳು ಸುತ್ತುವ ಚಿತ್ರವೂ ನೆನಪಿರಬಹುದು. ಆ ಚಿತ್ರ ಪೂರ್ತಿ ಸರಿಯಲ್ಲ. ಆದರೆ ಅದರ ಹಿಂದಿರುವ, 1913ರಲ್ಲಿ ಡೆನ್ಮಾರ್ಕ್‌ನ ನೀಲ್ಸ್ ಬೋರ್ ಮುಂದಿಟ್ಟ ಒಂದು ವಿಚಾರ ಇಂದಿಗೂ ಗಟ್ಟಿಯಾಗಿ ನಿಂತಿದೆ: ಪರಮಾಣುವಿನಲ್ಲಿರುವ ಎಲೆಕ್ಟ್ರಾನ್ ತನಗೆ ಇಷ್ಟ ಬಂದಷ್ಟು ಶಕ್ತಿಯನ್ನು ಇಟ್ಟುಕೊಳ್ಳಲಾರದು. ಕೆಲವು ನಿರ್ದಿಷ್ಟ ಮೊತ್ತಗಳಿಗೆ ಮಾತ್ರ ಅನುಮತಿ ಇದೆ. ಇವನ್ನು ಶಕ್ತಿ ಮಟ್ಟಗಳು ಎನ್ನುತ್ತಾರೆ.

ಮನೆಯ ಮೆಟ್ಟಿಲನ್ನು ನೆನೆಸಿಕೊಳ್ಳಿ. ಮೊದಲ ಮೆಟ್ಟಿಲ ಮೇಲೆ ನಿಲ್ಲಬಹುದು, ಎರಡನೆಯದರ ಮೇಲೆ ನಿಲ್ಲಬಹುದು, ಎರಡರ ನಡುವೆ ಗಾಳಿಯಲ್ಲಿ ನಿಲ್ಲಲಾಗದು. ಎಲೆಕ್ಟ್ರಾನಿನ ಸ್ಥಿತಿಯೂ ಇದೇ. ಒಂದು ವ್ಯತ್ಯಾಸವಿದೆ. ಮನೆಯ ಮೆಟ್ಟಿಲುಗಳು ಒಂದೇ ಎತ್ತರದವು, ಪರಮಾಣುವಿನ ಮೆಟ್ಟಿಲುಗಳು ಹಾಗಲ್ಲ. ಕೆಳಗೆ ಅಂತರ ಹೆಚ್ಚು, ಮೇಲಕ್ಕೆ ಹೋದಂತೆ ಮೆಟ್ಟಿಲುಗಳು ಒತ್ತೊತ್ತಾಗುತ್ತವೆ. ಮುಖ್ಯವಾದ ಸಂಗತಿ ಎಂದರೆ, ಈ ಮೆಟ್ಟಿಲುಗಳ ಎತ್ತರ ಒಂದೊಂದು ಧಾತುವಿಗೆ ಒಂದೊಂದು ರೀತಿ. ನ್ಯೂಕ್ಲಿಯಸ್‌ನಲ್ಲಿ ಎಷ್ಟು ಪ್ರೋಟಾನ್‌ಗಳಿವೆ, ಸುತ್ತ ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂಬುದರ ಮೇಲೆ ಅದು ತೀರ್ಮಾನವಾಗುತ್ತದೆ. ಹಾಗಾಗಿ ಸೋಡಿಯಂನ ಮೆಟ್ಟಿಲು ಹೈಡ್ರೋಜನ್‌ಗೆ ಹೊಂದುವುದಿಲ್ಲ, ಹೈಡ್ರೋಜನ್‌ನದ್ದು ಕಬ್ಬಿಣಕ್ಕೆ ಹೊಂದುವುದಿಲ್ಲ.

ಸೋಡಿಯಂನಲ್ಲಿ 11 ಎಲೆಕ್ಟ್ರಾನ್‌ಗಳಿವೆ. ಹತ್ತು ಒಳಗೆ ಭದ್ರವಾಗಿ ಕೂತಿವೆ, ಹನ್ನೊಂದನೆಯದು ಹೊರಗೆ ಒಂಟಿಯಾಗಿದೆ. ಈ ಒಂಟಿ ಎಲೆಕ್ಟ್ರಾನ್ ತಾನಿರುವ ಮೆಟ್ಟಿಲಿನಿಂದ ಮುಂದಿನದಕ್ಕೆ ಏರಲು ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಎಲೆಕ್ಟ್ರಾನ್ ವೋಲ್ಟ್ ಎಂದರೆ ಪರಮಾಣುಗಳ ಲೋಕದಲ್ಲಿ ಶಕ್ತಿಯನ್ನು ಅಳೆಯುವ ಬಹಳ ಚಿಕ್ಕ ಮಾನ. ಮೇಲೇರಿದ ಎಲೆಕ್ಟ್ರಾನ್ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ, ಸರಾಸರಿ ಅಂಥ 16 ಭಾಗಗಳಷ್ಟು ಕಾಲ ಇದ್ದು ಕೆಳಗಿಳಿಯುತ್ತದೆ. ಇಳಿಯುವಾಗ ಆ 2.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಬೆಳಕಿನ ಒಂದೇ ಕಣವಾಗಿ, ಅಂದರೆ ಒಂದು ಫೋಟಾನ್ ಆಗಿ, ಹೊರಗೆ ಬಿಡುತ್ತದೆ.

ಬೆಳಕಿನ ಬಣ್ಣ ಎಂದರೆ ಫೋಟಾನಿನ ಶಕ್ತಿಯೇ. ಕೆಂಪು ಬೆಳಕಿನ ಫೋಟಾನ್‌ಗೆ ಶಕ್ತಿ ಕಡಿಮೆ, ನೇರಳೆಯದಕ್ಕೆ ಹೆಚ್ಚು. ನಡುವೆ ಬರುವ 2.1 ಎಲೆಕ್ಟ್ರಾನ್ ವೋಲ್ಟ್‌ನ ಫೋಟಾನಿಗೆ ತರಂಗಾಂತರ ಸುಮಾರು 589 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಅದು ಹಳದಿ. ನಿಖರವಾಗಿ ನೋಡಿದರೆ ಸೋಡಿಯಂನ ಆ ಮೇಲಿನ ಮೆಟ್ಟಿಲು ಒಂದಕ್ಕೊಂದು ಬಹಳ ಹತ್ತಿರವಿರುವ ಎರಡು ಮೆಟ್ಟಿಲುಗಳ ಜೋಡಿ. ಹಾಗಾಗಿ 589.0 ಮತ್ತು 589.6 ನ್ಯಾನೋಮೀಟರ್‌ಗಳಲ್ಲಿ ಎರಡು ಹಳದಿ ಗೆರೆಗಳು ಕಾಣುತ್ತವೆ.

ಏರಲು ಶಕ್ತಿ ಎಲ್ಲಿಂದ? ಎರಡು ದಾರಿಗಳು

ಒಂದು ದಾರಿ ಢಿಕ್ಕಿ. ಜ್ವಾಲೆಯಲ್ಲಿ ಬಿಸಿ ಅನಿಲದ ಅಣುಗಳು ಭಾರಿ ವೇಗದಲ್ಲಿ ಓಡಾಡುತ್ತಿರುತ್ತವೆ. ಅವು ಸೋಡಿಯಂ ಪರಮಾಣುವಿಗೆ ಗುದ್ದಿದಾಗ ಸಿಗುವ ಶಕ್ತಿಯಲ್ಲಿ ಬೇಕಾದ 2.1 ಎಲೆಕ್ಟ್ರಾನ್ ವೋಲ್ಟ್ ಎಲೆಕ್ಟ್ರಾನಿಗೆ ಹೋಗುತ್ತದೆ, ಮಿಕ್ಕಿದ್ದು ಆ ಕಣಗಳ ಓಡಾಟದಲ್ಲೇ ಉಳಿಯುತ್ತದೆ. ಇಷ್ಟು ಜೋರಾದ ಢಿಕ್ಕಿಗಳು ಒಲೆಯ ಜ್ವಾಲೆಯಲ್ಲಿ ಅಪರೂಪ. ಯಾವುದೇ ಒಂದು ಕ್ಷಣದಲ್ಲಿ ಲಕ್ಷ ಸೋಡಿಯಂ ಪರಮಾಣುಗಳಲ್ಲಿ ಕೆಲವೇ ಕೆಲವು ಮೇಲಿನ ಮೆಟ್ಟಿಲಿನಲ್ಲಿರುತ್ತವೆ. ಆದರೂ ಜ್ವಾಲೆ ಅಷ್ಟು ಹಳದಿಯಾಗಲು ಕಾರಣ ಸಂಖ್ಯಾಬಲ. ಒಂದು ಮಿಲಿಗ್ರಾಂ ಉಪ್ಪಿನಲ್ಲಿರುವ ಸೋಡಿಯಂ ಪರಮಾಣುಗಳನ್ನು ಬರೆಯಲು ಒಂದರ ಮುಂದೆ 19 ಸೊನ್ನೆ ಹಾಕಬೇಕು. ಅವು ಏರುತ್ತಾ ಇಳಿಯುತ್ತಾ ಇರುವುದರಿಂದ ಬೆಳಕು ನಿಲ್ಲದೆ ಬರುತ್ತದೆ.

ಎರಡನೆಯ ದಾರಿ ಬೆಳಕನ್ನೇ ಹೀರಿಕೊಳ್ಳುವುದು. ಇಲ್ಲಿ ನಿಯಮ ಬಿಗಿ. ಬಸ್ಸಿನಲ್ಲಿ "ಸರಿಯಾಗಿ ಚಿಲ್ಲರೆ ಕೊಡಿ" ಎನ್ನುವ ಕಂಡಕ್ಟರ್ ಕೂಡ ಕೊನೆಗೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡುತ್ತಾರೆ. ಪರಮಾಣು ಅದನ್ನೂ ಮಾಡುವುದಿಲ್ಲ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರಲು 2.1 ಎಲೆಕ್ಟ್ರಾನ್ ವೋಲ್ಟ್ ಬೇಕಿದ್ದರೆ, ಸರಿಯಾಗಿ ಅಷ್ಟೇ ಶಕ್ತಿಯ ಫೋಟಾನ್ ಬರಬೇಕು. 1.9 ಇದ್ದರೆ ಸಾಲದು. 2.3 ಇದ್ದರೆ "ಹೆಚ್ಚಿದ್ದರೆ ಒಳ್ಳೆಯದೇ ಆಯಿತು" ಎಂದು ತೆಗೆದುಕೊಳ್ಳುವುದೂ ಇಲ್ಲ. ಎರಡೂ ಫೋಟಾನ್‌ಗಳು ಪರಮಾಣುವನ್ನು ದಾಟಿ ಹೋಗುತ್ತವೆ.

ಇದರಿಂದ ಹೊರಡುವ ತೀರ್ಮಾನವೇ ಈ ಇಡೀ ವಿಷಯದ ತಿರುಳು. ಏರುವ ಮೆಟ್ಟಿಲೂ ಇಳಿಯುವ ಮೆಟ್ಟಿಲೂ ಒಂದೇ. ಆದ್ದರಿಂದ ಬಿಸಿಯಾದ ಸೋಡಿಯಂ ಆವಿ ಯಾವ ಹಳದಿಯನ್ನು ಸೂಸುತ್ತದೋ, ತಣ್ಣಗಿರುವ ಸೋಡಿಯಂ ಆವಿ ಅದೇ ಹಳದಿಯನ್ನು ಹೀರಿಕೊಳ್ಳುತ್ತದೆ.

ಸೂರ್ಯನ ಬೆಳಕಿನಲ್ಲಿ ಕಾಣೆಯಾದ ಹಳದಿ

1814ರ ಹೊತ್ತಿಗೆ ಜರ್ಮನಿಯ ಗಾಜು ತಯಾರಕ ಯೋಸೆಫ್ ಫ್ರೌನ್‌ಹೋಫರ್ ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಹರಡಿಕೊಂಡ ಬಣ್ಣಗಳನ್ನು ದೂರದರ್ಶಕದಲ್ಲಿ ನೋಡಿದರು. ಕೆಂಪಿನಿಂದ ನೇರಳೆಯವರೆಗೆ ಬಣ್ಣದ ಪಟ್ಟಿ ಅಖಂಡವಾಗಿರಲಿಲ್ಲ, ನಡುನಡುವೆ ಸಣ್ಣ ಕಪ್ಪು ಗೆರೆಗಳಿದ್ದವು. ಅವರು ಅಂಥ 570ಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿದರು. ಹಳದಿ ಭಾಗದಲ್ಲಿದ್ದ ಜೋಡಿ ಗೆರೆಗೆ 'ಡಿ' ಎಂದು ಹೆಸರಿಟ್ಟರು. ಆ ಗೆರೆಗಳು ಏಕಿವೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1835ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಆಗಸ್ಟ್ ಕಾಮ್ಟ್, ನಕ್ಷತ್ರಗಳ ರಾಸಾಯನಿಕ ರಚನೆಯನ್ನು ಮನುಷ್ಯರು ಎಂದಿಗೂ ತಿಳಿಯಲಾರರು ಎಂದು ಬರೆದರು. ಅಲ್ಲಿಗೆ ಹೋಗಿ ಚೂರು ತರಲಾಗದು ಎಂದ ಮೇಲೆ ಆ ಮಾತು ಸರಿಯೆಂದೇ ತೋರುತ್ತಿತ್ತು. ಆದರೆ ಕಾಲು ಶತಮಾನ ಕಳೆಯುವಷ್ಟರಲ್ಲಿ ಅದು ಸುಳ್ಳಾಯಿತು.

1859ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾಫ್ ಕಿರ್ಕಾಫ್ ಸೂರ್ಯನ ಬೆಳಕಿನ ದಾರಿಯಲ್ಲಿ ಉಪ್ಪು ಹಾಕಿದ ಜ್ವಾಲೆಯನ್ನು ಇಟ್ಟರು. ಜ್ವಾಲೆಯ ಹಳದಿ ಆ ಕಪ್ಪು ಡಿ ಗೆರೆಗಳನ್ನು ತುಂಬಬೇಕಿತ್ತು. ಬೆಳಕು ಮಂದವಾಗಿದ್ದಾಗ ಹಾಗೆಯೇ ಆಯಿತು. ಪ್ರಖರ ಬೆಳಕನ್ನು ಬಿಟ್ಟಾಗ ಗೆರೆಗಳು ಇನ್ನಷ್ಟು ಕಪ್ಪಾದವು. ಜ್ವಾಲೆಯ ಸೋಡಿಯಂ ತಾನು ಕೊಟ್ಟ ಹಳದಿಗಿಂತ ಹೆಚ್ಚು ಹಳದಿಯನ್ನು ಸೂರ್ಯನ ಬೆಳಕಿನಿಂದ ಕಿತ್ತುಕೊಳ್ಳುತ್ತಿತ್ತು. ಹಾಗಾದರೆ ಮೊದಲಿನಿಂದಲೂ ಇದ್ದ ಡಿ ಗೆರೆಗಳೂ ಹೀಗೇ ಆಗಿರಬೇಕು. ಸೂರ್ಯನ ಹೊರಪದರದಲ್ಲಿ ಸೋಡಿಯಂ ಆವಿ ಇದೆ, ಒಳಗಿನಿಂದ ಬರುವ ಬೆಳಕಿನಲ್ಲಿ ಅದು ತನ್ನ ಪಾಲಿನ ಹಳದಿಯನ್ನು ಹೀರಿಕೊಳ್ಳುತ್ತಿದೆ. ನಮ್ಮ ಸಾರಿನಲ್ಲಿರುವ ಧಾತುವೇ ಸೂರ್ಯನಲ್ಲೂ ಇದೆ ಎಂದು ಗೊತ್ತಾದದ್ದು ಹೀಗೆ.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಹೀರಿದ ಬೆಳಕನ್ನು ಪರಮಾಣು ಮತ್ತೆ ಸೂಸುತ್ತದೆ ಎಂದಾದರೆ, ಗೆರೆ ಕಪ್ಪಾಗಿ ಏಕೆ ಕಾಣಬೇಕು? ಉತ್ತರ ಇಷ್ಟೇ: ಪರಮಾಣು ಹೀರಿದ್ದು ನಮ್ಮ ಕಡೆ ಬರುತ್ತಿದ್ದ ಬೆಳಕನ್ನು, ಮತ್ತೆ ಸೂಸುವುದು ಎಲ್ಲ ದಿಕ್ಕಿಗೂ. ನಮ್ಮ ಪಾಲಿಗೆ ಬರುವುದು ಅದರಲ್ಲಿ ಸ್ವಲ್ಪ ಮಾತ್ರ. ಆ ಜಾಗದಲ್ಲಿ ಬೆಳಕು ಪೂರ್ತಿ ಇಲ್ಲವೆಂದಲ್ಲ, ಅಕ್ಕಪಕ್ಕಕ್ಕಿಂತ ಕಡಿಮೆ ಇದೆ, ಅದಕ್ಕೇ ಕಪ್ಪಾಗಿ ಕಾಣುತ್ತದೆ.

ಜಮಖಂಡಿಯಲ್ಲಿ ಕಂಡ ಮೂರು ಗೆರೆಗಳು

ಕಿರ್ಕಾಫ್ ಅವರ ಪ್ರಯೋಗವಾಗಿ ಒಂಬತ್ತು ವರ್ಷಗಳಿಗೆ, 1868ರ ಆಗಸ್ಟ್ 18ರಂದು, ಭಾರತದ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಗ್ರಹಣದ ಹೊತ್ತಿನಲ್ಲಿ ಸೂರ್ಯನ ಅಂಚಿನಿಂದ ಜ್ವಾಲೆಗಳಂತೆ ಚಾಚಿಕೊಳ್ಳುವ ಕೆಂಪು ಚಾಚುಗಳು ಏನು ಎಂಬುದು ಆಗಿನ ಒಗಟು. ಅವುಗಳ ಬೆಳಕಿನಲ್ಲಿ ಹೊಳೆಯುವ ಬಿಡಿ ಗೆರೆಗಳು ಕಂಡರೆ ಅವು ಬಿಸಿ ಅನಿಲ ಎಂದರ್ಥ.

ಇದನ್ನು ನೋಡಲು ಬಂದವರಲ್ಲಿ ಒಬ್ಬರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಅವರು ಉಪಕರಣಗಳನ್ನು ಹೂಡಿದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಮೋಡಗಳು ಕಾಡಿದವು. ಸಿಕ್ಕ ಸ್ವಲ್ಪ ಹೊತ್ತಿನಲ್ಲೇ ಅವರಿಗೆ ಮೂರು ಪ್ರಕಾಶಮಾನ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಪಿಯರ್ ಜಾನ್ಸೆನ್ ಕೂಡ ಇಂಥ ಗೆರೆಗಳನ್ನು ನೋಡಿದರು. ಕೆಂಪು ಮತ್ತು ನೀಲಿ ಗೆರೆಗಳು ಹೈಡ್ರೋಜನ್‌ನವು. ಹೈಡ್ರೋಜನ್‌ನ ಎಲೆಕ್ಟ್ರಾನ್ ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿದರೆ 656 ನ್ಯಾನೋಮೀಟರ್‌ನ ಕೆಂಪು, ನಾಲ್ಕನೆಯದರಿಂದ ಎರಡಕ್ಕೆ ಇಳಿದರೆ 486 ನ್ಯಾನೋಮೀಟರ್‌ನ ನೀಲಿ.

ಕಿತ್ತಳೆ, ಹಳದಿಗಳ ನಡುವಿನ ಆ ಮೂರನೆಯ ಗೆರೆ ಸೋಡಿಯಂನದ್ದೇ ಇರಬೇಕು ಎಂದು ಮೊದಲಿಗೆ ತೋರಿತು. ಜಾಗವೂ ಹತ್ತಿರ ಹತ್ತಿರ ಅದೇ. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣವಿಲ್ಲದೆಯೇ ಆ ಚಾಚುಗಳನ್ನು ನೋಡಿದಾಗ, ಗೆರೆ ಸೋಡಿಯಂನ ಜಾಗದಲ್ಲಿ ಕೂರುತ್ತಿಲ್ಲ ಎಂಬುದು ಸ್ಪಷ್ಟವಾಯಿತು. ಸೋಡಿಯಂ ಗೆರೆಗಳು 589.0 ಮತ್ತು 589.6ರಲ್ಲಿ, ಇದು 587.6ರಲ್ಲಿ. ವ್ಯತ್ಯಾಸ ಒಂದೂವರೆ ನ್ಯಾನೋಮೀಟರ್‌ನಷ್ಟೂ ಇಲ್ಲ. ಬರಿಗಣ್ಣಿಗೆ ಎರಡೂ ಹಳದಿಯೇ. ಆದರೆ ಪರಮಾಣುವಿನ ಮೆಟ್ಟಿಲಿನಲ್ಲಿ 'ಹೆಚ್ಚೂ ಕಡಿಮೆ' ಎಂಬುದಿಲ್ಲ. ಗೆರೆ ಬೇರೆ ಎಂದರೆ ಧಾತು ಬೇರೆ. ಗ್ರೀಕ್ ಭಾಷೆಯಲ್ಲಿ ಸೂರ್ಯನಿಗಿರುವ 'ಹೀಲಿಯಾಸ್' ಎಂಬ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದನ್ನು ವಿಲಿಯಂ ರ‍್ಯಾಮ್ಸೆ ಒಂದು ಯುರೇನಿಯಂ ಖನಿಜದಲ್ಲಿ ಪತ್ತೆಹಚ್ಚಿದ್ದು 1895ರಲ್ಲಿ. ಮೊದಲು ಸೂರ್ಯನಲ್ಲಿ, 27 ವರ್ಷಗಳ ನಂತರ ಭೂಮಿಯಲ್ಲಿ!

ಜಮಖಂಡಿಯಲ್ಲಿ ಇಣುಕಿದ್ದ ಆ ಕೆಲಸ ಇಂದೂ ಮುಂದುವರಿದಿದೆ. 2023ರ ಸೆಪ್ಟೆಂಬರ್ 2ರಂದು ಉಡಾವಣೆಯಾದ ಆದಿತ್ಯ-ಎಲ್1 ನೌಕೆಯಲ್ಲಿರುವ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅದು ನೋಡುವ ಗೆರೆಗಳಲ್ಲೊಂದು 530.3 ನ್ಯಾನೋಮೀಟರ್‌ನ ಹಸಿರು ಗೆರೆ. 13 ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಕಬ್ಬಿಣದ ಪರಮಾಣುಗಳು ಅದನ್ನು ಸೂಸುತ್ತವೆ. ಕಬ್ಬಿಣ ಅಷ್ಟು ಎಲೆಕ್ಟ್ರಾನ್‌ಗಳನ್ನು ಕಳೆದುಕೊಳ್ಳಬೇಕಾದರೆ ಉಷ್ಣತೆ ಹತ್ತು ಲಕ್ಷ ಡಿಗ್ರಿ ದಾಟಿರಬೇಕು. ಅಂದರೆ ಗೆರೆಗಳು ಧಾತುವಿನ ಹೆಸರನ್ನಷ್ಟೇ ಅಲ್ಲ, ಅದು ಎಷ್ಟು ಬಿಸಿಯಾಗಿದೆ ಎಂಬುದನ್ನೂ ಹೇಳುತ್ತವೆ.

ಹಳದಿ ಜ್ವಾಲೆ: ಯಾವಾಗ ಚಿಂತೆ ಮಾಡಬೇಕು?

ಈಗ ಅಡುಗೆಮನೆಗೆ ಮರಳೋಣ. ಒಲೆಯ ಜ್ವಾಲೆ ಹಳದಿಯಾಗಲು ಉಪ್ಪು ಒಂದೇ ಕಾರಣವಲ್ಲ. ಇನ್ನೊಂದು ಕಾರಣ ಅಪಾಯಕಾರಿ, ಎರಡನ್ನೂ ಬೇರೆ ಮಾಡಿ ತಿಳಿಯುವುದು ಮುಖ್ಯ.

ಗ್ಯಾಸಿಗೆ ಸಾಕಷ್ಟು ಗಾಳಿ ಸೇರದಿದ್ದರೆ ಅದು ಪೂರ್ತಿ ಉರಿಯುವುದಿಲ್ಲ. ಆಗ ಇಂಗಾಲದ ಸೂಕ್ಷ್ಮ ಕಣಗಳು, ಅಂದರೆ ಮಸಿ, ಜ್ವಾಲೆಯಲ್ಲೇ ಕಾದು ಹಳದಿಯಾಗಿ ಹೊಳೆಯುತ್ತವೆ. ಮೇಣದಬತ್ತಿಯ ಹಳದಿಯೂ ಇದೇ. ಇದು ಬಿಡಿ ಪರಮಾಣುಗಳು ಸೂಸುವ ಗೆರೆಯಲ್ಲ, ಕಾದ ಘನವಸ್ತುವಿನ ಹೊಳಪು. ಇದರಲ್ಲಿ ಎಲ್ಲ ಬಣ್ಣಗಳೂ ಬೆರೆತಿರುತ್ತವೆ. ಹೀಗೆ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು.

ಗುರುತಿಸುವುದು ಹೀಗೆ:

- ಏನಾದರೂ ಉಕ್ಕಿ ಚೆಲ್ಲಿದಾಗ ಹಳದಿ ಕಂಡು, ಸ್ವಲ್ಪ ಹೊತ್ತಿನಲ್ಲಿ ನೀಲಿಗೆ ಮರಳಿದರೆ ಅದು ಬಹುತೇಕ ಸೋಡಿಯಂ. ಗಾಬರಿ ಬೇಡ.
- ಏನೂ ಚೆಲ್ಲದಿದ್ದರೂ ಹಳದಿ ಹಾಗೇ ಉಳಿದು, ಜ್ವಾಲೆ ಉದ್ದಕ್ಕೆ ತೂರಾಡುತ್ತಾ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಅದು ಮಸಿ. ಒಲೆ ಆರಿಸಿ, ಕಿಟಕಿ ತೆರೆಯಿರಿ. ಬರ್ನರ್ ತಣ್ಣಗಾದ ಮೇಲೆ ಅದರ ತೂತುಗಳನ್ನು ಸ್ವಚ್ಛಗೊಳಿಸಿ. ಆಗಲೂ ಸರಿಯಾಗದಿದ್ದರೆ ರಿಪೇರಿಯವರನ್ನು ಕರೆಸಿ.

ದೃಷ್ಟಿ ತೆಗೆದಾಗ ಕಂಡದ್ದು ಮತ್ತು ಲ್ಯಾಬಿನಲ್ಲಿ ಕಾಣುವುದು

ಉಪ್ಪು ಯಾವ ಮಗುವಿನ ಮುಂದೆ ಸುತ್ತಿ ತಂದದ್ದಾದರೂ, ಸುತ್ತದೆ ನೇರ ಡಬ್ಬಿಯಿಂದ ತೆಗೆದದ್ದಾದರೂ, ಜ್ವಾಲೆಯಲ್ಲಿ ಬರುವುದು ಅದೇ 589 ನ್ಯಾನೋಮೀಟರ್. ಅನುಮಾನವಿದ್ದವರು ಒಂದೇ ಪೊಟ್ಟಣದ ಉಪ್ಪನ್ನು ಎರಡು ಪಾಲು ಮಾಡಿ ನೋಡಬಹುದು. ನಿವಾಳಿಸುವುದರ ಹಿಂದೆ ಅಜ್ಜಿಯ ಕಾಳಜಿ ಇರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಬೆಂಕಿ ಹೇಗೆ ಎದ್ದಿತು ಎಂಬುದನ್ನು ನೋಡಿ ಮಗುವಿನ ಕಾಯಿಲೆಯನ್ನು ಅಳೆಯಬಾರದು. ವಾಂತಿ ಭೇದಿಯಿಂದ ಸೊರಗಿದ ಮಗುವಿಗೆ "ದೃಷ್ಟಿ ಹೋಯಿತು, ಇನ್ನು ಸರಿಹೋಗುತ್ತದೆ" ಎಂದು ಕಾಯುತ್ತಾ ಕುಳಿತರೆ ಕಳೆದುಹೋಗುವುದು ಚಿಕಿತ್ಸೆಯ ಸಮಯ.

ಸ್ವಾರಸ್ಯವೆಂದರೆ, ಅಂಥ ಮಗುವನ್ನು ಆಸ್ಪತ್ರೆಗೆ ಒಯ್ದಾಗ ವೈದ್ಯರು ಅಗತ್ಯ ಕಂಡರೆ ರಕ್ತದಲ್ಲಿ ಸೋಡಿಯಂ ಎಷ್ಟಿದೆ ಎಂದು ನೋಡಿಸುತ್ತಾರೆ. ಈಗ ಇದನ್ನು ಹೆಚ್ಚಾಗಿ ಎಲೆಕ್ಟ್ರೋಡ್‌ಗಳಿಂದ ಅಳೆಯುತ್ತಾರೆ. ಆದರೆ ದಶಕಗಳ ಕಾಲ ಲ್ಯಾಬುಗಳು ಬಳಸಿದ್ದು ಫ್ಲೇಮ್ ಫೋಟೋಮೀಟರ್ ಎಂಬ ಯಂತ್ರವನ್ನು. ರಕ್ತದ ತಿಳಿಭಾಗವನ್ನು ನೀರಿನಲ್ಲಿ ತೆಳುವಾಗಿಸಿ ಜ್ವಾಲೆಗೆ ಸಿಂಪಡಿಸಿ, ಎಷ್ಟು ಹಳದಿ ಬೆಳಕು ಬಂತು ಎಂದು ಅಳೆದು ಸೋಡಿಯಂ ಪ್ರಮಾಣವನ್ನು ಹೇಳುತ್ತಿತ್ತು ಅದು. ಒಲೆಯಲ್ಲಿ ಕಂಡ ಹಳದಿಯೇ ಅಲ್ಲಿ ಅಂಕಿಯಾಗಿ ಬರುತ್ತಿತ್ತು. ಲ್ಯಾಬಿನಲ್ಲಿ ಜ್ವಾಲೆಗೆ ಹೋಗುವುದು ಮಗುವಿನ ರಕ್ತ, ಆದ್ದರಿಂದ ಉತ್ತರ ಮಗುವಿನ ಬಗ್ಗೆ ಇರುತ್ತದೆ. ಮನೆಯಲ್ಲಿ ಜ್ವಾಲೆಗೆ ಹೋಗುವುದು ಅಂಗಡಿಯ ಉಪ್ಪು, ಉತ್ತರವೂ ಉಪ್ಪಿನ ಬಗ್ಗೆಯೇ.

ನೀವೇ ನೋಡಬಹುದು

ಮನೆಯಲ್ಲಿ ಹಳೆಯ ಸಿ.ಡಿ. ಇದ್ದರೆ ರಾತ್ರಿ ಹೊತ್ತು ಅದರ ಹೊಳೆಯುವ ಬದಿಯಲ್ಲಿ ಬೇರೆ ಬೇರೆ ದೀಪಗಳ ಪ್ರತಿಬಿಂಬ ನೋಡಿ. ಹಳೆಯ ಫಿಲಮೆಂಟ್ ಬಲ್ಬಿನ ಬಣ್ಣಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಸಿ.ಎಫ್.ಎಲ್. ದೀಪದಲ್ಲಿ ನೀಲಿ, ಹಸಿರು, ಕೆಂಪು ಬಿಡಿಬಿಡಿಯಾಗಿ ಕಾಣುತ್ತವೆ. ಅದರೊಳಗಿನ ಪಾದರಸದ ಪರಮಾಣುಗಳು ಮತ್ತು ಗಾಜಿಗೆ ಬಳಿದ ಲೇಪ ತಮಗೆ ಸಾಧ್ಯವಿರುವ ಬಣ್ಣಗಳನ್ನಷ್ಟೇ ಸೂಸುವುದೇ ಇದಕ್ಕೆ ಕಾರಣ. ಸೂರ್ಯನನ್ನು ಮಾತ್ರ ನೇರವಾಗಿಯೂ ಸಿ.ಡಿ.ಯಲ್ಲೂ ನೋಡಬೇಡಿ, ಕಣ್ಣಿಗೆ ಹಾನಿಯಾಗುತ್ತದೆ.

ಒಟ್ಟಿನಲ್ಲಿ ಪರಮಾಣುವಿನೊಳಗೆ ಎಲೆಕ್ಟ್ರಾನ್ ನಿಲ್ಲಬಲ್ಲ ಮೆಟ್ಟಿಲುಗಳು ಎಣಿಸಿಟ್ಟಂತಿವೆ. ಏರಿದರೆ ಒಂದು ನಿರ್ದಿಷ್ಟ ಮೊತ್ತದ ಶಕ್ತಿ ಒಳಗೆ, ಇಳಿದರೆ ಅಷ್ಟೇ ಮೊತ್ತದ ಬೆಳಕು ಹೊರಗೆ. ಈ ಲೆಕ್ಕ ಎಲ್ಲೂ ಬದಲಾಗುವುದಿಲ್ಲ. ಮುಂದಿನ ಸಲ ಸಾರು ಉಕ್ಕಿ ಜ್ವಾಲೆ ಹಳದಿಯಾದಾಗ ಮೊದಲು ಒಲೆ ಸಣ್ಣ ಮಾಡಿ. ಆಮೇಲೆ ಒಂದು ಕ್ಷಣ ಆ ಬಣ್ಣವನ್ನು ನೋಡಿ. ಅದೇ ಬಣ್ಣದ ಜಾಗದಲ್ಲಿ ಸೂರ್ಯನ ಬೆಳಕಿನಲ್ಲಿ ಎರಡು ಸಣ್ಣ ಕಪ್ಪು ಗೆರೆಗಳಿವೆ.